ಸತ್ತ ಕುದುರೆಯ ಬಾಲದಿಂದ ಸೈಬರ್ ವಿಮೆಯವರೆಗೆ

ಹಂಪಿಯ ಮಹಾನವಮಿ ದಿಬ್ಬ ಮತ್ತು ಹಜಾರರಾಮ ದೇವಾಲಯದ ಗೋಡೆಗಳ ಮೇಲೆ ಕುದುರೆಗಳ ಸಾಲುಸಾಲು ಉಬ್ಬುಶಿಲ್ಪಗಳಿವೆ. ವಿಜಯನಗರದ ಸೈನ್ಯಕ್ಕೆ ಬೇಕಾದ ಉತ್ತಮ ಕುದುರೆಗಳು ಅರೇಬಿಯಾ, ಪರ್ಷಿಯಾಗಳ ಕಡೆಯಿಂದ ಹಡಗಿನಲ್ಲಿ ಬರುತ್ತಿದ್ದವು. ಕೆಲವು ದಾರಿಯಲ್ಲೇ ಸಾಯುತ್ತಿದ್ದವು. ಆ ನಷ್ಟ ಯಾರದು? 1535ರ ಸುಮಾರಿಗೆ ವಿಜಯನಗರದ ಇತಿಹಾಸ ಬರೆದಿಟ್ಟ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಒಂದು ಸ್ವಾರಸ್ಯಕರ ಸಂಗತಿಯನ್ನು ದಾಖಲಿಸಿದ್ದಾನೆ. ಸಾಳುವ ನರಸಿಂಹನು ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಪೂರ್ತಿ ಬೆಲೆ ಸಿಗುತ್ತಿತ್ತಂತೆ.

ಇದನ್ನು ವಿಮೆ ಎಂದು ಆಗ ಯಾರೂ ಕರೆದಿರಲಾರರು. ಆದರೆ ವಿಮೆಯ ಎರಡು ಮುಖ್ಯ ಅಂಶಗಳು ಇಲ್ಲಿವೆ: ನಷ್ಟವನ್ನು ಹೊರುವ ಒಬ್ಬ ಸಮರ್ಥ, ನಷ್ಟವಾಗಿದೆ ಎನ್ನಲು ಒಂದು ಪುರಾವೆ. ಇಂದು ಕಂಪ್ಲಿಯ ಅಕ್ಕಿ ಗಿರಣಿಗೆ ಇ-ವೇ ಬಿಲ್ ಬೇಕು, ಹೊಸಪೇಟೆಯ ವಸತಿಗೃಹಕ್ಕೆ ಆನ್‌ಲೈನ್ ಕಾದಿರಿಸುವಿಕೆ ಬೇಕು, ಸಂಡೂರಿನ ಗಣಿ ಕಚೇರಿಗೆ ಗಣಕಜಾಲ ಬೇಕು. ಶತ್ರುರಾಷ್ಟ್ರವೊಂದರ ಸೈಬರ್ ದಾಳಿಯಿಂದ ಇವೆಲ್ಲ ಒಂದೇ ದಿನ ಸ್ಥಗಿತಗೊಂಡರೆ ನಷ್ಟವನ್ನು ಯಾರು ತುಂಬಿಕೊಡಬೇಕು?

ಕಲ್ಯಾಣದ ವಿಜ್ಞಾನೇಶ್ವರ

ಈ ಪ್ರಶ್ನೆಯ ಬೇರು ನಮ್ಮ ನಾಡಿನಲ್ಲೇ ಇದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (ಆಳ್ವಿಕೆ 1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದನು. ಆ ಸ್ಮೃತಿಯ ಪ್ರಕಾರ ಅಡವು ಇಟ್ಟು ಪಡೆದ ಸಾಲಕ್ಕೆ ತಿಂಗಳಿಗೆ ಶೇಕಡಾ 1.25 ಬಡ್ಡಿ, ಕಾಡುದಾರಿಯಲ್ಲಿ ಸಾಗುವ ವ್ಯಾಪಾರಿಗೆ ಶೇಕಡಾ 10, ಸಮುದ್ರಯಾನ ಮಾಡುವವನಿಗೆ ಶೇಕಡಾ 20. ಅಸಲೇ ಮುಳುಗುವ ಶಂಕೆ ಇರುವುದೇ ಇದಕ್ಕೆ ಕಾರಣ ಎಂದು ವಿಜ್ಞಾನೇಶ್ವರ ವಿವರಿಸುತ್ತಾನೆ. ಅಪಾಯ ಹೆಚ್ಚಿದಂತೆ ದರವೂ ಹೆಚ್ಚಬೇಕೆಂಬ ತತ್ತ್ವ ಇದು.

ಅದೇ ಸ್ಮೃತಿಯಲ್ಲಿ ಇನ್ನೊಂದು ನಿಯಮವಿದೆ. ಸರಕು ಸಾಗಿಸುವವನ ಕೈಯಲ್ಲಿ ಸರಕು ನಾಶವಾದರೆ ಅವನೇ ಬೆಲೆ ತೆರಬೇಕು. ಆದರೆ ನಾಶವು ರಾಜನಿಂದ ಅಥವಾ ದೈವದಿಂದ ಆಗಿದ್ದರೆ ತೆರಬೇಕಾಗಿಲ್ಲ. ಇಂದಿನ ವಿಮಾಪತ್ರಗಳಲ್ಲಿ 'ಯುದ್ಧದಿಂದಾದ ಹಾನಿಗೆ ಪರಿಹಾರವಿಲ್ಲ' ಎಂಬ ಷರತ್ತನ್ನು ಓದಿದಾಗ ಈ ನಿಯಮ ನೆನಪಾಗುತ್ತದೆ.

ಗಣಿತ ಏನು ಹೇಳುತ್ತದೆ?

ಈ ಷರತ್ತು ಕೇವಲ ಜಿಪುಣತನವಲ್ಲ. 10,000 ಅಂಗಡಿಗಳಿವೆ ಎಂದುಕೊಳ್ಳಿ. ಪ್ರತಿ ಅಂಗಡಿಗೂ ವರ್ಷದಲ್ಲಿ ಒಂದು ಲಕ್ಷ ರೂಪಾಯಿ ನಷ್ಟವಾಗುವ ಸಂಭವನೀಯತೆ ನೂರರಲ್ಲಿ ಒಂದು. ಹಾಗಾದರೆ ಅಂಗಡಿಗೆ 1,000 ರೂಪಾಯಿಯಂತೆ ಒಟ್ಟು ಒಂದು ಕೋಟಿ ರೂಪಾಯಿ ವಿಮಾಕಂತು ಸಂಗ್ರಹವಾಗುತ್ತದೆ. ನಷ್ಟಗಳು ಒಂದಕ್ಕೊಂದು ಸಂಬಂಧವಿಲ್ಲದೆ ಘಟಿಸಿದರೆ ವರ್ಷಕ್ಕೆ ಸರಾಸರಿ 100 ಅಂಗಡಿಗಳಿಗೆ ಹಾನಿ. ಮಾನಕ ವಿಚಲನೆ ಸುಮಾರು 10. ಅಂದರೆ ಏರಿಳಿತ ಶೇಕಡಾ 10 ಮಾತ್ರ. ಸ್ವಲ್ಪ ಮೀಸಲು ನಿಧಿ ಇದ್ದರೆ ಸಾಕು.

ಈಗ ಎಲ್ಲ ಅಂಗಡಿಗಳೂ ಒಂದೇ ತಂತ್ರಾಂಶ ಬಳಸುತ್ತವೆ, ದಾಳಿಯಾದರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ ಎಂದುಕೊಳ್ಳಿ. ಸರಾಸರಿ ಬದಲಾಗುವುದಿಲ್ಲ. ಆದರೆ ಯಾವುದೋ ಒಂದು ವರ್ಷ ಒಮ್ಮೆಗೇ 100 ಕೋಟಿ ರೂಪಾಯಿ ಕೊಡಬೇಕಾಗುತ್ತದೆ. ಅದು ಮೊದಲ ವರ್ಷವೇ ಆಗಬಹುದು! ಸದಸ್ಯರ ಸಂಖ್ಯೆ ಹೆಚ್ಚಿಸಿದರೂ ಇಲ್ಲಿ ಪ್ರಯೋಜನವಿಲ್ಲ. 1565ರ ಯುದ್ಧದ ನಂತರ ಹಂಪಿಯ ಬಜಾರುಗಳೆಲ್ಲ ಒಟ್ಟಿಗೆ ಲೂಟಿಯಾದವು. ಆ ವರ್ತಕರು ಪರಸ್ಪರ ನೆರವಿನ ನಿಧಿ ಕಟ್ಟಿಕೊಂಡಿದ್ದರೂ ಅದು ಉಳಿಯುತ್ತಿರಲಿಲ್ಲ.

ಶಿಕ್ಷಕರು ಇದನ್ನು ತರಗತಿಯಲ್ಲೇ ತೋರಿಸಬಹುದು. ಮೊದಲು ಪ್ರತಿ ವಿದ್ಯಾರ್ಥಿಯೂ ತನ್ನದೇ ದಾಳ ಎಸೆಯಲಿ. ಆರು ಬಿದ್ದವರನ್ನು ಎಣಿಸಿ. ನಂತರ ಶಿಕ್ಷಕರೊಬ್ಬರೇ ಎಲ್ಲರ ಪರವಾಗಿ ಒಂದು ದಾಳ ಎಸೆಯಲಿ. ಹತ್ತಿಪ್ಪತ್ತು ಬಾರಿ ಮಾಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಸರ್ಕಾರವೇ ವಿಮೆಗಾರ

ಖಾಸಗಿ ನಿಧಿ ಹೊರಲಾರದ್ದನ್ನು ಸರ್ಕಾರ ಹೊತ್ತ ಉದಾಹರಣೆಗಳು ಭಾರತದಲ್ಲಿವೆ. ಚೀನಾ ಯುದ್ಧದ ವೇಳೆ 1962ರಲ್ಲಿ ಸರಕುಗಳಿಗೆ ಮತ್ತು ಕಾರ್ಖಾನೆಗಳಿಗೆ ತುರ್ತುಸ್ಥಿತಿ ಅಪಾಯ ವಿಮಾ ಕಾಯಿದೆಗಳು ಬಂದವು. 1971ರಲ್ಲಿ ಅಂಥವೇ ಕಾಯಿದೆಗಳನ್ನು ಮತ್ತೆ ಮಾಡಲಾಯಿತು. 2002ರಲ್ಲಿ ವಿಮಾ ಕಂಪನಿಗಳು ಸೇರಿ ಭಯೋತ್ಪಾದನೆಯ ಹಾನಿಗಾಗಿ ಒಂದು ಸಾಮಾನ್ಯ ನಿಧಿ ಸ್ಥಾಪಿಸಿದವು. ಅದರ ನಿರ್ವಹಣೆ ಸರ್ಕಾರಿ ಮರುವಿಮಾ ಸಂಸ್ಥೆಯಾದ ಜಿಐಸಿಯದು.

ಬಾಲದ ಪುರಾವೆ ಸಾಲದು

ಸೈಬರ್ ದಾಳಿ ಹೊಸ ತೊಡಕನ್ನು ತಂದಿತು. 2017ರ ಜೂನ್ 27ರಂದು ಉಕ್ರೇನಿನ ತೆರಿಗೆ ಲೆಕ್ಕದ ತಂತ್ರಾಂಶವೊಂದರ ಮೂಲಕ 'ನಾಟ್‌ಪೆಟ್ಯಾ' ಎಂಬ ಕುತಂತ್ರಾಂಶ ಹರಡಿತು. ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ ಕೂಡ ತೊಂದರೆಗೀಡಾಯಿತು. ಜಗತ್ತಿನ ಒಟ್ಟು ನಷ್ಟ 1,000 ಕೋಟಿ ಡಾಲರ್ ಮೀರಿತೆಂದು ಅಮೆರಿಕ ಸರ್ಕಾರ ಅಂದಾಜಿಸಿತು. 2018ರಲ್ಲಿ ಅಮೆರಿಕ, ಬ್ರಿಟನ್‌ಗಳು ರಷ್ಯಾದ ಸೇನೆಯೇ ಇದಕ್ಕೆ ಕಾರಣವೆಂದವು, ರಷ್ಯಾ ನಿರಾಕರಿಸಿತು.

ಔಷಧ ಕಂಪನಿ ಮರ್ಕ್ ಸುಮಾರು 140 ಕೋಟಿ ಡಾಲರ್ ಪರಿಹಾರ ಕೇಳಿದಾಗ ವಿಮಾ ಕಂಪನಿಗಳು ಯುದ್ಧದ ಷರತ್ತನ್ನು ಮುಂದಿಟ್ಟವು. ನಷ್ಟವಾದದ್ದು ನಿಜ, 'ರಾಜ'ನಿಂದ ಆದ ನಷ್ಟವೇ ಎಂಬುದು ವಿವಾದ. ಆ ಷರತ್ತು ಈ ಬಗೆಯ ದಾಳಿಗೆ ಅನ್ವಯಿಸದೆಂದು ನ್ಯೂಜೆರ್ಸಿಯ ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಹೇಳಿತು. 2024ರಲ್ಲಿ ಉಳಿದ ವಿಮಾ ಕಂಪನಿಗಳೊಂದಿಗೆ ರಾಜಿಯಾಯಿತು. ಅಷ್ಟರಲ್ಲಿ ಲಂಡನ್ನಿನ ಲಾಯ್ಡ್ಸ್ ಎಚ್ಚೆತ್ತಿತ್ತು. ರಾಷ್ಟ್ರವೊಂದರ ವ್ಯವಸ್ಥೆಯನ್ನೇ ಕುಂದಿಸುವಂಥ, ಸರ್ಕಾರಿ ಬೆಂಬಲದ ದಾಳಿಗಳನ್ನು ಸೈಬರ್ ವಿಮೆಯಿಂದ ಹೊರಗಿಡಬೇಕೆಂಬ ಅದರ ಸೂಚನೆ 2023ರ ಮಾರ್ಚ್ 31ರಿಂದ ಜಾರಿಗೆ ಬಂದಿತು.

ಹಾಗಾದರೆ ಕಂಪ್ಲಿಯ ಗಿರಣಿ ಮಾಲೀಕರ ಪಾಡೇನು? ವಿಮಾಪತ್ರದಲ್ಲಿ ಮೊತ್ತಕ್ಕಿಂತ ಮೊದಲು ಯುದ್ಧದ ಷರತ್ತನ್ನು ಓದುವುದು ಒಳ್ಳೆಯದು. ದೊಡ್ಡ ದಾಳಿಯ ನಷ್ಟಕ್ಕೆ 1962ರಂತೆ ಸರ್ಕಾರವೇ ನಿಲ್ಲಬೇಕಾಗುತ್ತದೆ. ಅದಕ್ಕೆ ಏರ್ಪಾಡು ದಾಳಿಗೆ ಮೊದಲೇ ಆಗಬೇಕು.

ನಮ್ಮ ಕೈಯಲ್ಲೇ ಇರುವ ಉಪಾಯವೂ ಒಂದಿದೆ. ನಾಟ್‌ಪೆಟ್ಯಾ ದಾಳಿಯಲ್ಲಿ ಮೇರ್ಸ್ಕ್ ಹಡಗು ಕಂಪನಿಯ ಜಾಲದ ಮುಖ್ಯ ಗಣಕಗಳೆಲ್ಲ ಅಳಿಸಿಹೋದವು. ಘಾನಾ ದೇಶದ ಒಂದು ಮಾತ್ರ ಉಳಿಯಿತು. ಆ ಹೊತ್ತಿಗೆ ಅಲ್ಲಿ ಕರೆಂಟು ಹೋಗಿದ್ದುದರಿಂದ ಅದು ಜಾಲದ ಸಂಪರ್ಕದಲ್ಲಿರಲಿಲ್ಲ. ಕಂಪನಿ ತನ್ನ ಜಾಲವನ್ನು ಮತ್ತೆ ಕಟ್ಟಿಕೊಂಡದ್ದು ಆ ಒಂದು ಪ್ರತಿಯಿಂದ. ಲೆಕ್ಕಪತ್ರಗಳ ಒಂದು ಪ್ರತಿಯನ್ನು ಜಾಲಕ್ಕೆ ಜೋಡಿಸದೆ ಬೇರೆಡೆ ಇಡುವುದಕ್ಕೆ ನಾವು ಕರೆಂಟು ಹೋಗುವವರೆಗೆ ಕಾಯಬೇಕಾಗಿಲ್ಲ.