ಹತ್ತು ಸಾವಿರ ಜನರ ಅಳತೆಗೋಲು

ಅಕ್ಕನ ಮಗ ಒಂದು ಪ್ರವೇಶ ಪರೀಕ್ಷೆ ಬರೆದು ಬಂದ. ಮಧ್ಯಾಹ್ನದ ಶಿಫ್ಟ್. ಚಪ್ಪಲಿ ಬಿಡೋಕೂ ಮುಂಚೆ ಶುರು ಮಾಡಿದ: "ಮಾಮ, ಬೆಳಗ್ಗೆ ಶಿಫ್ಟ್‌ನವರಿಗೆ ಮ್ಯಾಥ್ಸ್ ಎಷ್ಟು ಈಸಿ ಇತ್ತಂತೆ ಗೊತ್ತಾ?" ಕೆಲವು ವಾರ ಕಳೆದು ರಿಸಲ್ಟ್ ಬಂತು. ಮಾರ್ಕ್ಸ್ ಅಲ್ಲ, ಪರ್ಸೆಂಟೈಲ್. ದಶಮಾಂಶ ಬಿಂದು ಆದ ಮೇಲೆ ಏಳು ಅಂಕಿ. ಅಕ್ಕ ಫೋನ್ ಮಾಡಿ, "ಅದೆಲ್ಲ ಸರಿ ಕಣೋ, ಎಷ್ಟಕ್ಕೆ ಎಷ್ಟು ಬಂದ ಹಾಗಾಯ್ತು?" ಅಂದಳು. ದಿನವಿಡೀ ಡೇಟಾ ಜೊತೆ ಏಗುವ ಕೆಲಸ ನನ್ನದು. ಆದರೂ ಉತ್ತರ ಹೊಳೆಯಲಿಲ್ಲ. ಆ ಉತ್ತರ ಹುಡುಕುತ್ತಾ ಹೋದವನು ಬಂದು ನಿಂತಿದ್ದು 1941ರ ಅಮೆರಿಕದಲ್ಲಿ.

ಅಲ್ಲಿನ ಕಾಲೇಜು ಪ್ರವೇಶಕ್ಕೆ ಬಳಸುವ ಎಸ್‌ಎಟಿ ಪರೀಕ್ಷೆ ಮೊದಲ ಸಲ ನಡೆದದ್ದು 1926ರ ಜೂನ್ 23ರಂದು. ಬರೆದವರು ಎಂಟು ಸಾವಿರ ಚಿಲ್ಲರೆ ಮಂದಿ. ರೂಪಿಸಿದವನು ಪ್ರಿನ್ಸ್‌ಟನ್‌ನ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್. (ಈ ಬ್ರಿಗಮ್ 1923ರಲ್ಲಿ ಪುಸ್ತಕ ಬರೆದು ಉತ್ತರ ಯೂರೋಪಿನ ಬಿಳಿಯರೇ ಬುದ್ಧಿವಂತರು ಅಂತ ವಾದಿಸಿದ್ದ, 1930ರಲ್ಲಿ ಆ ವಾದಕ್ಕೆ ಬುಡವೇ ಇಲ್ಲ ಅಂತ ತಾನೇ ಬರೆದು ಹಿಂತೆಗೆದುಕೊಂಡ. ಪರೀಕ್ಷೆ ಮಾತ್ರ ಉಳಿದುಕೊಂಡಿತು.) ಅಂಕ ಕೊಡುವ ರೀತಿ ಹೀಗಿತ್ತು: ಆ ಸಲ ಬರೆದವರ ಸರಾಸರಿ ಎಷ್ಟೇ ಇರಲಿ, ಅದನ್ನು 500 ಅಂತ ಇಟ್ಟುಕೊಳ್ಳೋದು. ಉಳಿದವರನ್ನು ಅದರ ಆಚೆ ಈಚೆ ಹರಡೋದು. ಸುಮಾರು ಮೂರರಲ್ಲಿ ಎರಡು ಪಾಲು ಜನ 400ರಿಂದ 600ರೊಳಗೆ ಬೀಳುತ್ತಾರೆ.

ಅಂದರೆ ಪ್ರತಿ ಸಲವೂ ಸರಾಸರಿ ವಿದ್ಯಾರ್ಥಿಗೆ 500. ಪೇಪರ್ ಕಷ್ಟ ಇದ್ದರೂ 500, ಸುಲಭ ಇದ್ದರೂ 500. ಪೇಪರಿನ ಕಷ್ಟ-ಸುಲಭದ ತಕರಾರು ಒಂದೇ ಏಟಿಗೆ ಮಾಯ. ಆದರೆ ಬರೆದ ಗುಂಪೇ ಜಾಣರದ್ದಾಗಿದ್ದರೆ? ಆಗಲೂ 500. ಊರೂರಿಗೆ ಸೇರು ಬೇರೆ ಬೇರೆ ಇದ್ದ ಕಾಲದ ಹಾಗೆ. ಇಲ್ಲೂ ಒಂದು ಸೇರು, ಅಲ್ಲೂ ಒಂದು ಸೇರು. ಅಕ್ಕಿ ಮಾತ್ರ ಒಂದೇ ಅಲ್ಲ.

ವರ್ಷಕ್ಕೆ ಒಂದೇ ಪರೀಕ್ಷೆ ಇದ್ದಾಗ ಇದು ಯಾರನ್ನೂ ಅಷ್ಟಾಗಿ ಕಾಡಲಿಲ್ಲ. 1930ರ ದಶಕದ ಕೊನೆಯ ಹೊತ್ತಿಗೆ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಜೂನ್‌ನಲ್ಲಿ, ನಡೆಸತೊಡಗಿದರು. ಏಪ್ರಿಲ್‌ನ ಗುಂಪೇ ಬೇರೆ, ಜೂನ್‌ನ ಗುಂಪೇ ಬೇರೆ. ಹಾಗಿದ್ದಾಗ ಏಪ್ರಿಲ್‌ನ 550, ಜೂನ್‌ನ 550 ಎರಡೂ ಒಂದೇನಾ?

ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಕಂಡುಕೊಂಡ ಪರಿಹಾರ ಸರಳ, ಸ್ವಲ್ಪ ಒರಟು ಕೂಡ. 1941ರ ಏಪ್ರಿಲ್‌ನಲ್ಲಿ ಭಾಷಾ ವಿಭಾಗ ಬರೆದ 10,654 ಜನರನ್ನು ಅಳತೆಗೋಲು ಅಂತ ನಿಗದಿ ಮಾಡಿಬಿಟ್ಟರು. ಅವರ ಸರಾಸರಿಯೇ 500, ಇನ್ನು ಮುಂದೆ ಯಾರು ಬರೆದರೂ ಅವರಿಗೆ ಹೋಲಿಸಿಯೇ ಅಂಕ. ಗಣಿತಕ್ಕೆ 1942ರ ಏಪ್ರಿಲ್‌ನ ಗುಂಪು. ಹೆಚ್ಚಿನವರು ಈಶಾನ್ಯ ಅಮೆರಿಕದವರು, ಅದರಲ್ಲಿ ಖಾಸಗಿ ಶಾಲೆಯವರು ಬಹಳ. ಮುಂದಿನ ಅರ್ಧ ಶತಮಾನ ಬೇರೆಯವರನ್ನೆಲ್ಲ ತಮ್ಮ ಪಕ್ಕ ನಿಲ್ಲಿಸಿ ಅಳೆಯುತ್ತಾರೆ ಅಂತ ಆ ಹುಡುಗ ಹುಡುಗಿಯರಿಗೆ ಗೊತ್ತೇ ಇರಲಿಲ್ಲ.

ಏಪ್ರಿಲ್‌ನವರಿಗೂ ಜೂನ್‌ನವರಿಗೂ ಕೊಂಡಿ ಹಾಕಿದ್ದು ಹೇಗೆ? ಇದೇ ನನಗೆ ಬಹಳ ಇಷ್ಟವಾದ ಭಾಗ. ಎರಡೂ ಪೇಪರಿನಲ್ಲಿ ಕೆಲವು ಪ್ರಶ್ನೆ ಒಂದೇ ಇಡುತ್ತಾರೆ. ಆಂಕರ್ ಪ್ರಶ್ನೆಗಳು ಅನ್ನೋಣ. ಉದಾಹರಣೆಗೆ, ಜೂನ್‌ನವರು ಒಟ್ಟಾರೆ ಕಡಿಮೆ ಸರಿ ಉತ್ತರ ಬರೆದಿದ್ದಾರೆ ಅಂತಿಟ್ಟುಕೊಳ್ಳಿ. ಆಂಕರ್ ಪ್ರಶ್ನೆಗಳಲ್ಲಿ ಎರಡೂ ಗುಂಪು ಸಮಸಮ ಇದ್ದರೆ, ಜಾಣತನದಲ್ಲಿ ವ್ಯತ್ಯಾಸ ಇಲ್ಲ. ಪೇಪರ್ ಕಷ್ಟ ಇತ್ತು, ಅಂಕ ಮೇಲಕ್ಕೆತ್ತಬೇಕು. ಆಂಕರ್‌ನಲ್ಲೂ ಜೂನ್‌ನವರು ಹಿಂದೆ ಬಿದ್ದಿದ್ದರೆ ಅಷ್ಟರ ಮಟ್ಟಿಗೆ ಗುಂಪೇ ಹಿಂದಿದೆ. ಅದಕ್ಕೆ ಅಂಕ ಎತ್ತುವ ಹಾಗಿಲ್ಲ. ಪೇಪರನ್ನೂ ಗುಂಪನ್ನೂ ಬೇರೆ ಬೇರೆ ಮಾಡಿ ನೋಡಲು ಇರುವುದು ಎರಡೇ ದಾರಿ. ಒಂದೇ ಥರದ ಜನ ಎರಡೂ ಪೇಪರ್ ಬರೆದಿರಬೇಕು, ಇಲ್ಲಾ ಎರಡೂ ಪೇಪರಿನಲ್ಲಿ ಒಂದಿಷ್ಟು ಪ್ರಶ್ನೆ ಒಂದೇ ಇರಬೇಕು. ಎರಡೂ ಇಲ್ಲ ಅಂದರೆ ಅದು ಅಂದಾಜು, ಅಷ್ಟೇ.

ಹೀಗೆ ಹೊಸ ಪೇಪರ್‌ಗೆ ಹಳೇ ಪೇಪರ್ ಕೊಂಡಿ, ಹಳೆಯದಕ್ಕೆ ಅದಕ್ಕೂ ಹಳೆಯದು. ಸರಪಳಿ 1941ರ ತನಕ. ಮುಂದೆ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಸೇರದ ಒಂದು ವಿಭಾಗ ಇಟ್ಟು, ಆಂಕರ್ ಪ್ರಶ್ನೆಗಳನ್ನು ಅದರಲ್ಲೇ ಸೇರಿಸತೊಡಗಿದರು. ಯಾವ ವಿಭಾಗ ಅಂತ ಬರೆಯುವವರಿಗೆ ಹೇಳುತ್ತಿರಲಿಲ್ಲ. ಹೇಳಿದರೆ ಯಾರು ತಾನೇ ಮನಸ್ಸಿಟ್ಟು ಬರೀತಾರೆ?

1947ರಲ್ಲಿ ಇಟಿಎಸ್ ಸಂಸ್ಥೆ ಹುಟ್ಟಿ ಈ ಕೆಲಸ ಒಂದು ಶಾಸ್ತ್ರವೇ ಆಯಿತು. ಅಲ್ಲಿದ್ದ ಫ್ರೆಡರಿಕ್ ಲಾರ್ಡ್ 1980ರಲ್ಲಿ ತೋರಿಸಿಕೊಟ್ಟದ್ದು ತಮಾಷೆಯಾಗಿದೆ. ಯಾವ ಪೇಪರ್ ಸಿಕ್ಕರೂ ನನಗೇನೂ ವ್ಯತ್ಯಾಸ ಇಲ್ಲ ಅಂತ ಪ್ರತಿಯೊಬ್ಬ ವಿದ್ಯಾರ್ಥಿಯೂ ಹೇಳುವ ಹಾಗೆ ಎರಡು ಪೇಪರನ್ನು ಸರಿದೂಗಿಸಬೇಕಾದರೆ, ಎರಡರಲ್ಲೂ ಒಂಚೂರೂ ಅಳತೆಯ ದೋಷ ಇರಬಾರದು, ಅಥವಾ ಎರಡೂ ತದ್ರೂಪಿ ಆಗಿರಬೇಕು. ತದ್ರೂಪಿ ಆಗಿದ್ದರೆ ಸರಿದೂಗಿಸುವ ಅಗತ್ಯವೇ ಇಲ್ಲ! ಹಾಗಂತ ಕೆಲಸ ನಿಲ್ಲಿಸಲಿಲ್ಲ. ನಾವೂ ಆಫೀಸಿನಲ್ಲಿ ಅಷ್ಟೇ ಅಲ್ವಾ, ಪಕ್ಕಾ ಉತ್ತರ ಅಸಾಧ್ಯ ಅಂತ ಗೊತ್ತಾದ ಮೇಲೂ ಸುಮಾರಾಗಿ ಸರಿ ಇರುವ ಉತ್ತರ ಕೊಟ್ಟೇ ಕೊಡ್ತೀವಿ.

ಸರಪಳಿಗೆ ನಿಜವಾದ ಪರೀಕ್ಷೆ ಎದುರಾದದ್ದು 1970ರ ದಶಕದಲ್ಲಿ. 1963ರಲ್ಲಿ ಭಾಷೆಯ ಸರಾಸರಿ 478, ಗಣಿತದ್ದು 502. ಆಮೇಲೆ ಇಳಿಯಲು ಶುರುವಾದದ್ದು ನಿಲ್ಲಲೇ ಇಲ್ಲ. 1980ಕ್ಕೆ 424 ಮತ್ತು 466. ಟಿವಿ ಕಾರಣ ಅಂದರು, ಮೇಷ್ಟ್ರುಗಳು ಅಂದರು, ಕಾಲವೇ ಕೆಟ್ಟಿತು ಅಂದರು. ಮಾಜಿ ಕಾರ್ಮಿಕ ಸಚಿವ ವಿಲ್ಲರ್ಡ್ ವರ್ಟ್ಸ್ ಅಧ್ಯಕ್ಷತೆಯ ಸಮಿತಿ 1977ರಲ್ಲಿ ವರದಿ ಕೊಟ್ಟಿತು. ಮೊದಲ ಕೆಲ ವರ್ಷಗಳ ಇಳಿತದಲ್ಲಿ ದೊಡ್ಡ ಪಾಲು, ಪರೀಕ್ಷೆ ಬರೆಯುವವರೇ ಬದಲಾದದ್ದರಿಂದ ಬಂದದ್ದು ಅಂತ ಅದು ಕಂಡಿತು. ಮೊದಲು ಕಾಲೇಜಿನ ಕನಸೇ ಕಾಣದಿದ್ದ ಮನೆಗಳ ಮಕ್ಕಳು ಈಗ ಪರೀಕ್ಷೆಗೆ ಕೂರುತ್ತಿದ್ದರು. 1970ರ ನಂತರದ ಇಳಿತಕ್ಕೆ ಮಾತ್ರ ಈ ಉತ್ತರ ಸಾಲುತ್ತಿರಲಿಲ್ಲ.

ಇನ್ನೊಂದು ಅನುಮಾನ ಇತ್ತು. ಅಳತೆಗೋಲೇ ಹಿಗ್ಗಿರಬಹುದಲ್ಲ? ಪ್ರತಿ ಕೊಂಡಿಯಲ್ಲಿ ಕೂದಲೆಳೆಯಷ್ಟು ತಪ್ಪಾದರೂ ಹತ್ತಾರು ಕೊಂಡಿ ದಾಟುವಷ್ಟರಲ್ಲಿ ದೊಡ್ಡದಾಗುತ್ತೆ. ಹೊಸ ಪೇಪರ್ ಗೊತ್ತಾಗದ ಹಾಗೆ ಕಷ್ಟವಾಗಿದ್ದರೆ ಮಕ್ಕಳ ತಪ್ಪೇನೂ ಇಲ್ಲ. ಇಟಿಎಸ್‌ನ ಕ್ರಿಸ್ಟೋಫರ್ ಮೋಡು ಮತ್ತು ಜೂನ್ ಸ್ಟರ್ನ್ ಹಳೇ ಪೇಪರುಗಳನ್ನೂ ಹೊಸ ಪೇಪರುಗಳನ್ನೂ ಅದೇ ಕಾಲದ ವಿದ್ಯಾರ್ಥಿಗಳಿಂದ ಬರೆಸಿ ನೋಡಿದರು. ಕೋಲು ಸರಿದಿದ್ದು ನಿಜ, ಆದರೆ ಉಲ್ಟಾ ದಿಕ್ಕಿನಲ್ಲಿ. 1963ಕ್ಕೆ ಹೋಲಿಸಿದರೆ 1973ರಲ್ಲಿ ಅಂಕ ಸುಮಾರು 8ರಿಂದ 12 ಪಾಯಿಂಟ್ ಧಾರಾಳವಾಗಿ ಸಿಗುತ್ತಿತ್ತು. ಅಂದರೆ ನಿಜವಾದ ಇಳಿತ ಕಾಗದದ ಮೇಲಿದ್ದುದಕ್ಕಿಂತ ಹೆಚ್ಚು. ತಮ್ಮ ಕೋಲನ್ನು ತಾವೇ ಅಳೆದು, ತಮಗೆ ಅನುಕೂಲವಲ್ಲದ ಉತ್ತರ ಬಂದರೂ ಪ್ರಕಟಿಸಿದರು. ಇದಕ್ಕೆ ಅವರನ್ನು ಮೆಚ್ಚಲೇಬೇಕು.

1983ರಲ್ಲಿ ಅಮೆರಿಕ ಸರ್ಕಾರದ 'ಎ ನೇಷನ್ ಅಟ್ ರಿಸ್ಕ್' ವರದಿ ದೇಶದ ಶಾಲೆಗಳು ಮುಳುಗುತ್ತಿವೆ ಅಂತ ಕೂಗೆಬ್ಬಿಸಿದಾಗ, ಕೊಟ್ಟ ಸಾಕ್ಷಿಗಳಲ್ಲಿ ಎಸ್‌ಎಟಿ ಇಳಿತವೂ ಒಂದು. ಒಂದು ದೇಶದ ಶಿಕ್ಷಣ ನೀತಿಯ ಜಗಳ ಆ ಆಂಕರ್ ಪ್ರಶ್ನೆಗಳ ಮೇಲೆ ನಿಂತಿತ್ತು ಅಂದರೆ ಉತ್ಪ್ರೇಕ್ಷೆ ಏನಲ್ಲ. 1941ರ ನಂತರವೂ ಪ್ರತಿ ಸಲ 500 ಅಂತ ಕೊಡುತ್ತಲೇ ಹೋಗಿದ್ದರೆ ಇಳಿತ ಇದೆಯೋ ಇಲ್ಲವೋ ಅನ್ನೋದೇ ಆ ಅಂಕಗಳಿಂದ ಗೊತ್ತಾಗುತ್ತಿರಲಿಲ್ಲ.

ಕೊನೆಗೆ 1995ರ ಏಪ್ರಿಲ್‌ನಲ್ಲಿ ಕೋಲು ಬದಲಾಯಿತು. 1990ರಲ್ಲಿ ಶಾಲೆ ಮುಗಿಸಿದ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೊಸ ಅಳತೆ. ಹಳೆಯ 500 ಭಾಷೆಯಲ್ಲಿ 580 ಆಯಿತು, 730 ದಾಟಿದವರೆಲ್ಲ 800. ದಡ್ಡತನ ಮುಚ್ಚಿಹಾಕುವ ಹುನ್ನಾರ ಅಂತ ಕೆಲವರು ಬೈದರು. ನನಗೆ ಹಾಗನಿಸಲ್ಲ. ಹಳೆಯದಕ್ಕೂ ಹೊಸದಕ್ಕೂ ಪರಿವರ್ತನೆ ಪಟ್ಟಿ ಕೊಟ್ಟಿದ್ದರು; ಸರಪಳಿ ಹರಿಯಲಿಲ್ಲ.

ನಮ್ಮಲ್ಲಿ ಈ ಪ್ರಶ್ನೆ ಕೋರ್ಟು ಮೆಟ್ಟಿಲು ಹತ್ತಿದ್ದು 2022ರಲ್ಲಿ. ಕೋವಿಡ್‌ನಿಂದಾಗಿ 2021ರ ದ್ವಿತೀಯ ಪಿಯು ಪರೀಕ್ಷೆ ನಡೆದಿರಲಿಲ್ಲ. ಎಸ್ಸೆಸ್ಸೆಲ್ಸಿಗೆ ಶೇ 45, ಪ್ರಥಮ ಪಿಯುಗೆ ಶೇ 45, ಕಾಲೇಜಿನ ಆಂತರಿಕ ಮೌಲ್ಯಮಾಪನಕ್ಕೆ ಶೇ 10 ಅಂತ ಲೆಕ್ಕ ಹಾಕಿ ಅಂಕ ಕೊಟ್ಟಿದ್ದರು. ಮರುವರ್ಷ ಅವರಲ್ಲಿ ಸಾವಿರಾರು ಮಂದಿ ಮತ್ತೆ ಸಿಇಟಿ ಬರೆದರು. ರ‍್ಯಾಂಕ್‌ಗೆ ಇವರ ಪಿಯು ಅಂಕ ಸೇರಿಸಿದರೆ ಪರೀಕ್ಷೆ ಬರೆದು ಪಾಸಾದವರಿಗೆ ಅನ್ಯಾಯ, ಬಿಟ್ಟರೆ ಇವರಿಗೆ ಅನ್ಯಾಯ. ಪ್ರಾಧಿಕಾರ ಬಿಟ್ಟಿತು, ಇವರು ಹೈಕೋರ್ಟ್‌ಗೆ ಹೋದರು. ಕೊನೆಗೆ 2021ರ ಬ್ಯಾಚಿನವರ ಅಂಕದಲ್ಲಿ ವಿಷಯಕ್ಕೆ ಸರಾಸರಿ 6 ಕಳೆದು ಹೊಸ ಪಟ್ಟಿ ಮಾಡುವ ಸೂತ್ರಕ್ಕೆ ಕೋರ್ಟ್ ಒಪ್ಪಿತು. ಇಬ್ಬರೂ ಬರೆದ ಸಿಇಟಿಯೇ ಆಂಕರ್ ಆಗಬಹುದಿತ್ತಲ್ಲ ಅಂತ ನನಗೆ ಅನಿಸಿದ್ದುಂಟು. ಆದರೆ ಒಂದು ಬ್ಯಾಚಿಗೆ ಓದಲು ಒಂದು ವರ್ಷ ಹೆಚ್ಚು ಸಿಕ್ಕಿತ್ತು. ಅದೂ ನೇರವಾದ ಕೋಲಲ್ಲ.

ಜೆಇಇ ಮೇನ್‌ನ ಪರ್ಸೆಂಟೈಲ್ ಪದ್ಧತಿ 1941ಕ್ಕೆ ಮುಂಚಿನ ಎಸ್‌ಎಟಿಯ ದಾಯಾದಿ. ನಿಮ್ಮ ಶಿಫ್ಟ್‌ನಲ್ಲಿ ನೂರಕ್ಕೆ ಎಷ್ಟು ಜನ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ತೆಗೆದರು ಅನ್ನೋದೇ ಅಂಕ. ಯಾರಿಗೆ ಯಾವ ಶಿಫ್ಟ್ ಅನ್ನೋದು ಚೀಟಿ ಎತ್ತಿದ ಹಾಗೆ ಬೀಳೋದರಿಂದ ಲಕ್ಷಗಟ್ಟಲೆ ಜನರಲ್ಲಿ ಗುಂಪುಗಳು ಹೆಚ್ಚುಕಮ್ಮಿ ಸಮ. ಅಲ್ಲಿಗೆ ಲೆಕ್ಕ ನ್ಯಾಯವಾದದ್ದೇ. ಆದರೆ ಜನವರಿಯದ್ದು ಬರೆಯಬೇಕಾ, ಏಪ್ರಿಲ್‌ದಾ, ಎರಡೂನಾ ಅಂತ ನಿರ್ಧರಿಸೋದು ವಿದ್ಯಾರ್ಥಿಗಳೇ. ಅಲ್ಲಿ ಚೀಟಿ ಎತ್ತೋದಿಲ್ಲ. ಎರಡರಲ್ಲಿ ಹೆಚ್ಚು ಬಂದ ಪರ್ಸೆಂಟೈಲ್ ರ‍್ಯಾಂಕ್‌ಗೆ ಹೋಗುತ್ತೆ. ಒಂದೇ ವರ್ಷದಲ್ಲಿ ಎರಡು ಗುಂಪು, ಅದೇ ಏಪ್ರಿಲ್-ಜೂನ್ ಪ್ರಶ್ನೆ.

ನಮ್ಮ ಹುಡುಗನೂ ಎರಡನೇ ಸಲ ಬರೆದ. ಪರ್ಸೆಂಟೈಲ್ ಸ್ವಲ್ಪ ಮೇಲೆ ಹೋಯಿತು. ಅಕ್ಕ ಒಬ್ಬಟ್ಟು ಮಾಡಿ ಊಟಕ್ಕೆ ಕರೆದಳು. ತುಪ್ಪ ಹಾಕಿಕೊಳ್ಳುತ್ತಾ ಹುಡುಗ ಮೆಲ್ಲಗೆ ಕೇಳಿದ, "ಮಾಮ, ನಾನು ಇಂಪ್ರೂವ್ ಆದ್ನಾ, ಇಲ್ಲಾ ಈ ಸಲ ಬರೆದೋರೇ ಸ್ವಲ್ಪ ಡಲ್ಲಾ?"

"ಗೊತ್ತಿಲ್ಲ ಕಣೋ" ಅಂದೆ. ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು.