ಮ್ಯುಟಂಟ್‌ಗಳನ್ನು ಊರಾಚೆ ಇಟ್ಟವರು ಯಾರು?

ನಿಂಬರ್ಗಾದ ನಮ್ಮ ಮನೆಯಲ್ಲಿ ಮೊಬೈಲ್ ಹಿಡಿದು ‘ಫಾಲ್‌ಔಟ್’ ಸೀರೀಸ್ ನೋಡ್ತಿದ್ದೆ. ಅಣುಯುದ್ಧ ಆಗಿ ಇನ್ನೂರು ವರ್ಷ ದಾಟಿದೆ. ವಿಕಿರಣಕ್ಕೆ ಚರ್ಮ ಸುಟ್ಟು, ಮೂಗು ಹೋಗಿ, ಆದರೂ ಸಾಯದೆ ಉಳಿದ ‘ಘೂಲ್’ ಒಬ್ಬ ಪರದೆ ಮೇಲೆ ಬಂದ. ಜನ ಅವನನ್ನ ಕಂಡು ದೂರ ಸರೀತಾರೆ. ಪಕ್ಕದಲ್ಲಿ ಕೂತಿದ್ದ ಕಾಕಾ ಕೇಳಿದ್ರು: “ಇವರ್ನೂ ಊರ ಹೊರಗೇ ಇಟ್ಟಾರೇನು?”

ಕೇರಿಯಲ್ಲಿ ಹುಟ್ಟಿ ಬೆಳೆದವರಿಗೆ ಈ ಪ್ರಶ್ನೆ ಕಲಿಸಬೇಕಾಗಿಲ್ಲ. ಅಣುಯುದ್ಧದ ನಂತರದ ಜಗತ್ತಿನಲ್ಲಿ ಬಹಿಷ್ಕೃತ ಮ್ಯುಟಂಟ್‌ಗಳು ಬದುಕುಳಿಯುವ ಕಥೆಗಳು ಎಲ್ಲಿಂದ ಬಂದವು, ಅದರಲ್ಲಿ ವಿಜ್ಞಾನ ಎಷ್ಟು, ನಮ್ಮ ಕಲ್ಯಾಣ ಕರ್ನಾಟಕಕ್ಕೂ ಅದಕ್ಕೂ ಏನು ಸಂಬಂಧ ಅಂತ ಇಲ್ಲಿ ಬರೆದಿದ್ದೇನೆ.

ಮ್ಯುಟಂಟ್ ಅಂದರೆ?

ಕೋವಿಡ್ ಕಾಲದಲ್ಲಿ ‘ರೂಪಾಂತರಿ’ ಅನ್ನೋ ಪದ ನಾವೆಲ್ಲ ಕೇಳಿದ್ವಿ. ಜೀವಕೋಶದ ಡಿಎನ್‌ಎಯಲ್ಲಿ ಬದಲಾವಣೆ ಆದರೆ ಅದು ಮ್ಯುಟೇಶನ್. 1927ರಲ್ಲಿ ಎಚ್. ಜೆ. ಮುಲ್ಲರ್ ಹಣ್ಣಿನ ನೊಣಗಳ ಮೇಲೆ ಎಕ್ಸ್-ರೇ ಹಾಯಿಸಿ, ವಿಕಿರಣದಿಂದ ಇಂಥ ಬದಲಾವಣೆ ಹೆಚ್ಚಾಗುತ್ತದೆ ಎಂದು ತೋರಿಸಿದರು. ಅದಕ್ಕೆ ಅವರಿಗೆ ನೊಬೆಲ್ ಬಂದದ್ದು 1946ರಲ್ಲಿ, ಹಿರೋಶಿಮಾದ ಮರುವರ್ಷ. ಬಾಂಬಿನ ಭಯ, ನೊಣದ ಪ್ರಯೋಗ ಎರಡೂ ಕೂಡಿದ ಕಡೆ ಕಥೆಗಾರರಿಗೆ ಹೊಸ ಪಾತ್ರ ಸಿಕ್ಕಿತು.

ಮೂರು ಮುಖ್ಯ ಕಥೆಗಳು

ಒಂದು, ಜಾನ್ ವಿಂಡಮ್ ಅವರ ‘ದಿ ಕ್ರಿಸಲಿಡ್ಸ್’ (1955). ಮಹಾವಿನಾಶದ ಎಷ್ಟೋ ತಲೆಮಾರುಗಳ ನಂತರ ಲ್ಯಾಬ್ರಡಾರ್‌ನ ಒಂದು ರೈತ ಸಮುದಾಯ. ಬೆಳೆ, ದನ, ಮನುಷ್ಯ ಎಲ್ಲದಕ್ಕೂ ಧರ್ಮ ಹೇಳಿದ ‘ಸರಿಯಾದ ರೂಪ’ ಇದೆ. ಸೋಫಿ ಅನ್ನೋ ಹುಡುಗಿಗೆ ಕಾಲಿನಲ್ಲಿ ಆರು ಬೆರಳು. ಅಷ್ಟೇ ಅವಳ ಅಪರಾಧ. ಅಂಥವರನ್ನ ಮಕ್ಕಳಾಗದಂತೆ ಮಾಡಿ ಊರಾಚೆಯ ‘ಫ್ರಿಂಜಸ್’ಗೆ ಅಟ್ಟುತ್ತಾರೆ.

ಎರಡು, ವಾಲ್ಟರ್ ಮಿಲ್ಲರ್ ಅವರ ‘ಎ ಕ್ಯಾಂಟಿಕಲ್ ಫಾರ್ ಲೀಬೋವಿಟ್ಜ್’ (1959). ಇಲ್ಲಿ ಅಣುಯುದ್ಧದಿಂದ ವಿರೂಪಗೊಂಡವರಿಗೆ ‘ಪೋಪನ ಮಕ್ಕಳು’ ಅಂತ ಹೆಸರು. ಚರ್ಚು ಅವರನ್ನ ಕೊಲ್ಲಬಾರದು ಅನ್ನುತ್ತದೆ, ಸಮಾಜ ಹತ್ತಿರ ಸೇರಿಸೋದಿಲ್ಲ.

ಮೂರು, ಬ್ರಿಟಿಷ್ ಕಾಮಿಕ್ಸ್ ‘ಸ್ಟ್ರಾಂಶಿಯಂ ಡಾಗ್’ (1978). ಜಾನ್ ವ್ಯಾಗ್ನರ್ ಮತ್ತು ಕಾರ್ಲೋಸ್ ಎಝ್ಕೆರಾ ಸೃಷ್ಟಿ. ಯುದ್ಧದ ನಂತರ ಹುಟ್ಟಿದ ಮ್ಯುಟಂಟ್‌ಗಳಿಗೆ ಬೇರೆ ಕೆಲಸದ ದಾರಿಗಳು ಮುಚ್ಚಿವೆ. ಉಳಿದದ್ದು, ದುಡ್ಡಿಗಾಗಿ ಅಪರಾಧಿಗಳನ್ನ ಬೇಟೆಯಾಡುವ ಕಸುಬು. ಯಾರೂ ಮಾಡಲೊಲ್ಲದ ಕೆಲಸವನ್ನ ಒಂದು ಹುಟ್ಟಿಗೆ ಕಟ್ಟಿಹಾಕೋದು ನಮಗೆ ಗೊತ್ತಿಲ್ಲದ್ದೇನಲ್ಲ. ನಾಯಕ ಜಾನಿ ಆಲ್ಫಾನ ಅಪ್ಪನೇ ಮ್ಯುಟಂಟ್ ವಿರೋಧಿ ಕಾನೂನು ತರೋ ರಾಜಕಾರಣಿ. ಮಗ ಮ್ಯುಟಂಟ್ ಅನ್ನೋದನ್ನ ಅವನು ಮುಚ್ಚಿಟ್ಟಿರ್ತಾನೆ.

ಮೂರರಲ್ಲೂ ಗಮನಿಸಿ: ವಿಕಿರಣ ಮಾಡಿದ್ದು ಮೈಯ ಬದಲಾವಣೆ ಮಾತ್ರ. ಗಡಿ ಎಳೆದದ್ದು, ಕೆಲಸ ಕಿತ್ತುಕೊಂಡದ್ದು ಮನುಷ್ಯರು.

ನಿಜದಲ್ಲಿ ಏನಾಯಿತು?

1945ರ ಆಗಸ್ಟ್ 6 ಮತ್ತು 9ರ ಬಾಂಬುಗಳಿಂದ ಬದುಕುಳಿದವರನ್ನ ಜಪಾನಿನಲ್ಲಿ ‘ಹಿಬಾಕುಶಾ’ ಅಂತಾರೆ. ಅವರಲ್ಲಿ ರಕ್ತದ ಕ್ಯಾನ್ಸರ್ ಮತ್ತು ಇತರ ಕ್ಯಾನ್ಸರ್‌ಗಳು ಹೆಚ್ಚಾದವು. ಆ ಹೊತ್ತಿಗೆ ಗರ್ಭದಲ್ಲಿದ್ದ ಕೆಲವು ಮಕ್ಕಳು ಚಿಕ್ಕ ತಲೆ, ಬುದ್ಧಿ ಬೆಳವಣಿಗೆಯ ತೊಂದರೆಯೊಂದಿಗೆ ಹುಟ್ಟಿದವು. ಆದರೆ ಬಾಂಬ್ ಬಿದ್ದ ಮೇಲೆ ಗರ್ಭದಲ್ಲಿ ಮೂಡಿದ ಮಕ್ಕಳನ್ನ ದಶಕಗಟ್ಟಲೆ ಅಧ್ಯಯನ ಮಾಡಿದರೂ, ಹುಟ್ಟಿನ ದೋಷಗಳು ಸ್ಪಷ್ಟವಾಗಿ ಹೆಚ್ಚಾದದ್ದು ಕಂಡುಬಂದಿಲ್ಲ.

ಆದರೂ ಮದುವೆ ಸಂಬಂಧ ಮುರಿದವು, ಕೆಲಸ ಸಿಗಲಿಲ್ಲ. ಎಷ್ಟೋ ಜನ ತಮ್ಮ ಊರಿನ ಹೆಸರನ್ನೇ ಮುಚ್ಚಿಟ್ಟು ಬದುಕಿದರು. ಅಂದರೆ ವಿಜ್ಞಾನ ಹೇಳದ ಮಾತನ್ನ ಸಮಾಜ ತಾನೇ ತೀರ್ಪು ಮಾಡಿತು. ಇವರು 1956ರಲ್ಲಿ ಕಟ್ಟಿದ ‘ನಿಹೋನ್ ಹಿಡಾಂಕ್ಯೋ’ ಸಂಘಟನೆಗೆ 2024ರ ನೊಬೆಲ್ ಶಾಂತಿ ಪುರಸ್ಕಾರ ಬಂತು.

ನಮ್ಮ ಸೀಮೆಗೆ ಬಂದರೆ

ಯುರೇನಿಯಂ ನಮಗೆ ದೂರದ ಮಾತಲ್ಲ. ಅಫಜಲಪುರ, ಜೇವರ್ಗಿ ದಾಟಿ ಭೀಮಾ ಹರಿಯುವ ದಿಕ್ಕಿಗೇ ಹೋದರೆ ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕು. ಅಲ್ಲಿಯ ಗೋಗಿಯಲ್ಲಿ ಯುರೇನಿಯಂ ಅದಿರು ಸಿಕ್ಕಿದೆ, ಪರಿಶೋಧನಾ ಗಣಿಗಾರಿಕೆ ನಡೆದಿದೆ, ಊರವರ ವಿರೋಧವೂ ಬಂದಿದೆ.

ಆ ಆತಂಕಕ್ಕೆ ಆಧಾರ ಇದೆ. ಯುರೇನಿಯಂ ಗಣಿಯೊಳಗಿನ ರೇಡಾನ್ ಅನಿಲ ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣ ಆಗಬಹುದು. ಕುಡಿಯುವ ನೀರಿನಲ್ಲಿ ಯುರೇನಿಯಂ ಹೆಚ್ಚಾದರೆ ಮೊದಲ ಪೆಟ್ಟು ಕಿಡ್ನಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಕೆಲವು ಕಡೆ ಕಲ್ಲಿನಿಂದಲೇ ಅಂತರ್ಜಲಕ್ಕೆ ಯುರೇನಿಯಂ ಸೇರುತ್ತದೆ. ಹೀಗಾಗಿ ಗಣಿ ಶುರುವಾಗುವ ಮೊದಲಿನ ನೀರಿನ ಲೆಕ್ಕ ಇಲ್ಲದಿದ್ದರೆ, ಆಮೇಲೆ ಯಾರನ್ನ ಹೊಣೆ ಮಾಡೋದು?

ಆದರೆ ನಮ್ಮ ಹೋರಾಟದ ಭಾಷೆಯ ಬಗ್ಗೆ ನನಗೊಂದು ತಕರಾರಿದೆ. ಅಣು ವಿರೋಧಿ ಪೋಸ್ಟರ್ ಅಂದ ಕೂಡಲೇ ಕೈಕಾಲು ಸೊಟ್ಟಗಿರೋ ಮಗುವಿನ ಫೋಟೋ ಹಾಕ್ತೀವಿ. ನಾನೂ ಹಂಚಿದ್ದೇನೆ. ಒಂದು ಸಲ ಅಂಥದ್ದೇ ಫೋಟೋ ವಾಟ್ಸಾಪ್‌ನಲ್ಲಿ ಹಾಕಿದಾಗ, ಹುಟ್ಟಿನಿಂದ ಕಾಲು ಸ್ವಾಧೀನ ಇಲ್ಲದ ಗೆಳೆಯ ಬರೆದ: “ಅಂದ್ರ ನನ್ನಂಥವ ಹುಟ್ಟೋದೇ ನಿಮಗ ದೊಡ್ಡ ಭಯ, ಹೌದಲ್ಲ?” ಉತ್ತರ ಕೊಡೋಕೆ ಆಗಲಿಲ್ಲ. ಫೋಟೋ ಅಳಿಸಿದೆ.

ಆ ಫೋಟೋ ಎರಡು ಅನ್ಯಾಯ ಮಾಡುತ್ತದೆ. ಅಂಗವಿಕಲರನ್ನ ದುರಂತದ ಗುರುತಾಗಿಸುತ್ತದೆ. ಜೊತೆಗೆ ಒಂದಿಡೀ ಊರಿಗೆ ಕಳಂಕ ಹಚ್ಚುತ್ತದೆ. ನಾಳೆ ಗೋಗಿ ಸೀಮೆಯ ಹುಡುಗಿಗೆ ಗಂಡು ನೋಡುವಾಗ “ಯುರೇನಿಯಂ ಊರವರು ಬ್ಯಾಡ” ಅಂದರೆ, ಆ ಮಾತಿನಲ್ಲಿ ನಮ್ಮ ಪೋಸ್ಟರಿನ ಪಾಲೂ ಇರುತ್ತದೆ. ಹಿಬಾಕುಶಾಗಳಿಗೆ ಆದದ್ದು ಇದೇ.

ಹಾಗಂತ ಸುಮ್ಮನಿರಿ ಅಂತ ನಾನು ಹೇಳ್ತಿಲ್ಲ. ಬಾವಿ, ಬೋರ್‌ವೆಲ್‌ಗಳ ನೀರಿನ ಪರೀಕ್ಷಾ ವರದಿ ಕನ್ನಡದಲ್ಲಿ ಪಂಚಾಯ್ತಿ ಗೋಡೆ ಮೇಲೆ ಬರಲಿ ಅಂತ ಕೇಳೋಣ. ಊರವರ ಆರೋಗ್ಯ ಸಮೀಕ್ಷೆ ಹೆಸರು, ಮುಖ ಬಯಲು ಮಾಡದೆ ನಡೆಯಲಿ. ಅಂಗವಿಕಲರು ಸಭೆಯಲ್ಲಿ ಮಾತಾಡುವವರಾಗಿ ಕೂರಲಿ.

ಸೀರೀಸ್ ಮುಗಿದ ಮೇಲೆ ಕಾಕಾಗೆ ಸೋಫಿಯ ಕಥೆ ಹೇಳಿದೆ. ಪೂರ್ತಿ ಕೇಳಿ, “ಆರು ಬೆರಳು ಇದ್ರ ಏನಾತು, ನಡಿಯಾಕ ಬರ್ತಿತ್ತಲ್ಲ” ಅಂದ್ರು.