ಮಾತಿಗಿಂತ ಮೊದಲು ಬಂದ ಬರಹ

ಮಾತಾಡದ ಮಗುವನ್ನು ಕಂಡ ಕೂಡಲೇ "ಇವನಿಗೆ ಓದು ಹತ್ತುವುದಿಲ್ಲ" ಎಂದುಬಿಡುವುದು ಶಿಕ್ಷಕರಾದ ನಮ್ಮ ಹಳೆಯ ಅಭ್ಯಾಸ. ನಾವೂ ಹಾಗೆ ಅಂದವರೇ. ಆದರೆ ಇತಿಹಾಸ ಬೇರೆಯದನ್ನೇ ಹೇಳುತ್ತದೆ.

1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಗಮನಿಸಿ ಆಟಿಸಂ, ಅಂದರೆ ಸ್ವಲೀನತೆಯ ಬಗ್ಗೆ ಬರೆದರು. ಮುಂದೆ ಬಹುಕಾಲ ಇಂಥವರ ಬಗ್ಗೆ ಬರೆದವರು ಹೆಚ್ಚಾಗಿ ಬೇರೆಯವರೇ. 1986ರಲ್ಲಿ ಟೆಂಪಲ್ ಗ್ರ್ಯಾಂಡಿನ್ ತಮ್ಮ ಕಥೆಯನ್ನು ಪುಸ್ತಕವಾಗಿ ತಂದರು. ಮೂರು ವರ್ಷ ದಾಟಿದರೂ ಮಾತು ಬಾರದಿದ್ದ ಆಕೆ 1989ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

ನಮ್ಮ ಮೈಸೂರು, ಬೆಂಗಳೂರಿನಲ್ಲಿ ಬೆಳೆದ ತೀತೋ ಮುಖೋಪಾಧ್ಯಾಯರದು ಇನ್ನೂ ಹತ್ತಿರದ ಉದಾಹರಣೆ. ತಾಯಿ ಸೋಮಾ ಅವರೇ ಗುರು. 8ರಿಂದ 11ರ ವಯಸ್ಸಿನಲ್ಲಿ ಬರೆದದ್ದು 2000ದಲ್ಲಿ ಬ್ರಿಟನ್ನಿನಲ್ಲಿ ಪುಸ್ತಕವಾಯಿತು. ಮನೆಮಾತು ಬಂಗಾಳಿ, ಸುತ್ತಲೂ ಕನ್ನಡ, ಬರೆದದ್ದು ಇಂಗ್ಲಿಷ್.

ಕೊಯಮತ್ತೂರು, ತಿರುಪ್ಪೂರು ಕಡೆಯ ದೇವಾಂಗರ ಮನೆಗಳಲ್ಲೂ ಹೀಗೆಯೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯ್ದೆ ಅದನ್ನು ಸೇರಿಸಿತು. ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಸರ್ಕಾರಿ, ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು ಮೀಸಲಿಟ್ಟಿತು.

ಆದರೆ ಭಾರತಿಯಾರ್ ವಿಶ್ವವಿದ್ಯಾಲಯದ ಬಾಗಿಲವರೆಗೆ ಮಗು ಹೋಗುವುದು ನಮ್ಮ ತರಗತಿಯನ್ನು ದಾಟಿದ ಮೇಲೆ ತಾನೇ? ಮಗ್ಗದ ಸದ್ದಿನ ಬಗ್ಗೆಯೇ ದಿನವೂ ಬರೆದರೂ ಬರೆಯಲಿ, ಯಾವ ಭಾಷೆಯಲ್ಲಾದರೂ ಬರೆಯಲಿ. ತಪ್ಪು ತಿದ್ದುವುದು ಆಮೇಲೆ. ಮೊದಲು ಓದೋಣ, ಬನ್ನಿ.